ಚೀಲ ಹೇರಿ ಅಳೆದ ಜೀಪು

ಕಾಸಿದ ಉಕ್ಕನ್ನು ಸುಟ್ಟ ಎಣ್ಣೆಯಲ್ಲಿ ಅದ್ದಿದಾಗ ಏಳುವ ವಾಸನೆಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ರಾಮದುರ್ಗದ ತಂಗಿಯ ಮನೆಗೆ ಹೊರಟಿದ್ದೆ. ಸವದತ್ತಿ ಬಿಟ್ಟು ಉಗರಗೋಳದ ಹತ್ತಿರ ಬಂದಾಗ ಬಸ್ಸಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಕಂಡಕ್ಟರ್ ಎಲ್ಲರನ್ನೂ ಇಳಿಸಿ, ಅರ್ಧ ತಾಸು ಎಂದ. ಇಂಥವರ ಅರ್ಧ ತಾಸು ಎಷ್ಟು ಉದ್ದ ಎಂದು ಗೊತ್ತಿದ್ದವನಾದ್ದರಿಂದ, ಚಹಾ ಸಿಕ್ಕೀತೆಂದು ರಸ್ತೆ ದಾಟಿದೆ. ಆಗ ಆ ವಾಸನೆ ಬಂತು.

ಚಹಾದಂಗಡಿಗೆ ಹೊಂದಿಕೊಂಡೇ ಒಂದು ಪಾಟಾ ಅಂಗಡಿ ಇತ್ತು. ಗಾಡಿಯ ಚಾಸಿಗೂ ಎಕ್ಸಲ್ಲಿಗೂ ನಡುವೆ, ಕುಲುಕಾಟ ತಡೆಯಲೆಂದು, ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಗಿದಿರುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಎಲ್ಲಮ್ಮನ ಗುಡ್ಡಕ್ಕೆ ಮಂದಿಯನ್ನು ತುರುಕಿಕೊಂಡು ಏರುವ ಗಾಡಿಗಳಿರುವ ಊರಲ್ಲಿ ಅಂಥ ಅಂಗಡಿಗೆ ಕೆಲಸಕ್ಕೆ ಬರವಿಲ್ಲ. ಅಂಗಳದಲ್ಲಿ ಒಂದು ಹಳೆಯ ಜೀಪು ನಿಂತಿತ್ತು. ಅದರ ಹಿಂಬದಿಯಲ್ಲಿ ಏಳು ಮಂದಿ ಒತ್ತೊತ್ತಾಗಿ ಕುಳಿತಿದ್ದರು. ಜೀಪೇನೂ ಎಲ್ಲಿಗೂ ಹೊರಟಿರಲಿಲ್ಲ. ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಗಾಲಿಯ ಪಕ್ಕ ಅಂಗಾತ ಮಲಗಿ, ಎಕ್ಸಲ್ಲಿನ ಮೇಲಿನ ಸಂದಿಯಲ್ಲಿ ಬೆರಳು ತೂರಿಸಿ ಅಳೆಯುತ್ತಿದ್ದ.

ನನ್ನ ಕಾಲು ಅಲ್ಲೇ ನಿಂತವು. ಹೀಗೆ ಮಂದಿಯನ್ನು ಕೂಡಿಸಿ ಬೆರಳಿನಿಂದ ಪಾಟಾ ಅಳೆಯುವವನನ್ನು ನಾನು ಜೀವಮಾನದಲ್ಲಿ ಒಬ್ಬನನ್ನೇ ಕಂಡಿದ್ದೆ. ಅವನ ಮುಖ ನೆನಪಾಗಿ ನನ್ನ ಕಿವಿ ಬಿಸಿಯಾದವು. ಎಪ್ಪತ್ತು ದಾಟಿದವನು ನಡುರಸ್ತೆಯಲ್ಲಿ ಕಿವಿ ಬಿಸಿ ಮಾಡಿಕೊಂಡು ನಿಲ್ಲುವುದು ಚಂದವಲ್ಲ. ಆದರೆ ಆ ವರ್ಷ ನಾನು ಮಾಡಿದ್ದೂ ಚಂದದ ಕೆಲಸವಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಮುಂಗಾರು ಅದು. ಬೈಲಹೊಂಗಲದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ತಗಡಿನ ಶೆಡ್ಡಿನ ಗ್ಯಾರೇಜಿತ್ತು. ನಮ್ಮದು ಪಂಚಾಂಗದ ಮನೆ. ಅಪ್ಪ ಮುಹೂರ್ತ ನೋಡುವವರು, ಅಜ್ಜ ಪುರಾಣ ಹೇಳುವವರು. ನಾನು ಹುಬ್ಬಳ್ಳಿಗೆ ಹೋಗಿ ಮೋಟಾರಿನ ಡಿಪ್ಲೊಮಾ ಮಾಡಿಕೊಂಡು ಬಂದು ಕೈಗೆ ಗ್ರೀಸು ಹಚ್ಚಿಕೊಂಡೆ. ಊರಿಗೆ ಅದೊಂದು ಮೋಜು. "ಜೋಶ್ಯಾರ, ಈ ಇಂಜಿನ್ನಿಗೆ ಯಾವ ಗ್ರಹ ಕಾಡಾಕ ಹತ್ತೈತಿ, ಸ್ವಲ್ಪ ಕುಂಡಲಿ ನೋಡ್ರಿ" ಎಂದು ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆ. ಮಡಿ ಮೈಲಿಗೆಯನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದವನು ನಾನು ಎಂದು ಯಾರು ಸಿಕ್ಕರೂ ಹೇಳಿಕೊಳ್ಳುತ್ತಿದ್ದೆ.

ಅದಕ್ಕೆ ನನ್ನ ಬಳಿ ಸಾಕ್ಷಿಯೂ ಇತ್ತು: ಭೀಮಶಿ. ನನ್ನ ಗ್ಯಾರೇಜಿನ ಫಿಟ್ಟರ್. ನನಗಿಂತ ಹತ್ತು ವರ್ಷ ದೊಡ್ಡವನು. ಮಿಲಿಟರಿಯ ಗಾಡಿ ವರ್ಕ್‌ಶಾಪಿನಲ್ಲಿ ದುಡಿದು ಬಂದಿದ್ದ. ಅವನ ತಂದೆಯ ಕಾಲಕ್ಕೇ ಅವರ ಮನೆಯವರು ಬೌದ್ಧರಾಗಿದ್ದರು. ಅವನ ಹತ್ಯಾರದ ಪೆಟ್ಟಿಗೆಯ ಮುಚ್ಚಳದ ಒಳಗಡೆ ಬುದ್ಧನ ಸಣ್ಣದೊಂದು ಚಿತ್ರ ಅಂಟಿಸಿದ್ದ. ಊರ ಹೊರಗಿನ ಕೇರಿಯಲ್ಲಿ ಅವನ ಮನೆ. ತಾಯಿ ಚಂದ್ರವ್ವ ಜಿನ್ನಿಂಗ್ ಗಿರಣಿಯಲ್ಲಿ ಹತ್ತಿ ಆರಿಸಲು ಹೋಗುತ್ತಿದ್ದಳು. ಭೀಮಶಿ ಮತ್ತು ನಾನು ಒಂದೇ ಕಿಟ್ಲಿಯ ಚಹಾ, ಒಂದೇ ತರದ ಕಪ್ಪಿನಲ್ಲಿ, ಒಂದೇ ಬಾಕಿನ ಮೇಲೆ ಕುಳಿತು ಕುಡಿಯುತ್ತಿದ್ದೆವು. ಅವನು ನನಗೆ "ಮಾಲಕರ" ಎನ್ನುತ್ತಿದ್ದ, ನಾನು ಅವನಿಗೆ "ಭೀಮಶಿ, ಬಾರೋ" ಎನ್ನುತ್ತಿದ್ದೆ. ಹತ್ತು ವರ್ಷ ದೊಡ್ಡವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ ಎಂಬುದು ಒಂದು ದಿನವೂ ನನಗೆ ಹೊಳೆಯಲಿಲ್ಲ. ಈಗ ಬರೆಯುವಾಗಲೂ ಕೈ ಅದೇ ಹಳೆಯ ಚಾಳಿಯಲ್ಲೇ ಓಡುತ್ತಿದೆ.

ಆ ವರ್ಷ ಮೃಗಶಿರಾ ಮಳೆ ಹಿಡಿಯುವ ಮೊದಲು ಡಾಕ್ಟರ್ ಕುಸುಮಾಬಾಯಿ ಒಂದು ಜೀಪು ತಂದರು. ಊರಲ್ಲಿ ಹೆರಿಗೆ ಮಾಡಿಸುವ ಡಾಕ್ಟರೆಂದರೆ ಅವರೇ. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಜೀಪದು. ಸುತ್ತಲಿನ ಎರೆಹೊಲದ ಹಳ್ಳಿಗಳಿಂದ ಹೆರಿಗೆಗೆ ಕಷ್ಟವಾದ ಹೆಂಗಸರನ್ನು ಚಕ್ಕಡಿಯಲ್ಲಿ ತರುವಷ್ಟರಲ್ಲಿ ಎಷ್ಟೋ ಸಲ ಕೆಲಸ ಕೈಮೀರಿ ಹೋಗಿರುತ್ತಿತ್ತು. ಎರೆಮಣ್ಣು ನೋಡಿದವರಿಗೆ ಗೊತ್ತು, ಒಂದು ಮಳೆ ಬಿದ್ದರೆ ಅದು ಗಾಲಿಯನ್ನು ಬಿಡುವುದಿಲ್ಲ. ಒಣಗಿದರೆ ಕಲ್ಲಿನಂಥ ಹೆಂಟೆ. ಅಂಥ ಹಾದಿಯಲ್ಲಿ ಹೋಗಿ ಬರಲಿಕ್ಕೆ ಡಾಕ್ಟರಬಾಯಿ ಈ ಜೀಪು ಕೊಂಡಿದ್ದರು. ಆದರೆ ಅದರ ಪಾಟಾಗಳು ಚಪ್ಪಟೆಯಾಗಿ ಜೀವ ಬಿಟ್ಟಿದ್ದವು. ಖಾಲಿ ಇದ್ದಾಗ ಹಲ್ಲು ಉದುರುವಷ್ಟು ಕುಣಿಯುತ್ತಿತ್ತು, ಮಂದಿ ಹತ್ತಿದರೆ ಎಕ್ಸಲ್ಲು ಮೇಲಿನ ಚಾಸಿಗೆ ಬಂದು ಬಡಿಯುತ್ತಿತ್ತು.

"ಜೋಶಿ, ನನಗ ಮತ್ತೇನೂ ಬ್ಯಾಡ," ಎಂದರು ಅವರು. "ಕೂತವರ ನಡಾ ಮುರೀಬಾರದು, ಮಲಗಿದಾಕಿ ಹೊಟ್ಟಿ ಅಲಗಬಾರದು. ಅಷ್ಟು ಮಾಡಿಕೊಡು."

ಅಷ್ಟು ಮಾಡುವುದೇ ಕಷ್ಟ. ಪಾಟಾ ಗಟ್ಟಿ ಮಾಡಿದರೆ ಭಾರ ತಡೆಯುತ್ತದೆ, ಆದರೆ ಒಳಗಿದ್ದವರ ಗತಿ ದೇವರೇ. ಮೆತ್ತಗೆ ಮಾಡಿದರೆ ಒಬ್ಬಿಬ್ಬರಿಗೆ ಹಾಯಾಗಿರುತ್ತದೆ, ಆದರೆ ಹಳ್ಳಿಯಲ್ಲಿ ಒಬ್ಬ ಬಸುರಿಯ ಜೊತೆ ಅತ್ತೆ, ತಾಯಿ, ಚಿಗವ್ವ, ಗಂಡ, ಭಾವ ಎಲ್ಲರೂ ಹತ್ತುತ್ತಾರೆ. ಬೇಡವೆಂದರೆ ಕೇಳುವವರಲ್ಲ. ನಾನು ಪುಸ್ತಕ ತೆಗೆದು ಎರಡು ದಿನ ಲೆಕ್ಕ ಹಾಕಿದೆ. ಭೀಮಶಿ ಎರಡು ದಿನ ಬೀಡಿ ಸೇದಿದ. ಮೂರನೆಯ ದಿನ ಅವನೇ ಹೇಳಿದ.

"ಮ್ಯಾಲ ತೆಳ್ಳಂದು, ಉದ್ದಂದು ಪಾಟಾ ಹಾಕೂಣ್ರಿ. ಒಬ್ಬರಿಬ್ಬರು ಕುಂತಾಗ ಅವಷ್ಟ ದುಡೀಲಿ. ಕೆಳಗ ಒಂದ ದಪ್ಪ ಪಾಟಾ ಬಿಡೂಣ್ರಿ, ಮ್ಯಾಲಿನವಕ್ಕ ತಾಗಲಾರದಂಗ. ಮಂದಿ ತುಂಬಿ ಗಾಡಿ ಇಳೀತಂದ್ರ ಅವಾಗ ಅದು ಕೈ ಹಚ್ಚತೈತಿ. ಮನಿಯೊಳಗ ಹಿರ್ಯಾ ಇದ್ದಂಗ. ಕರಿಯೂತನಾ ಏಳಬಾರದು, ಕರದಾಗ ಏಳದ ಇರಬಾರದು."

ನನ್ನ ಪುಸ್ತಕದ ಲೆಕ್ಕವೂ ಅಲ್ಲಿಗೇ ಬಂದು ನಿಂತಿತ್ತು, ಆದರೆ ಇಷ್ಟು ಸ್ಪಷ್ಟವಾಗಿ ಅಲ್ಲ. ಮುಂದಿನ ಹನ್ನೆರಡು ದಿನ ನನ್ನ ಜೀವನದ ಒಳ್ಳೆಯ ದಿನಗಳು. ಹೊರಗೆ ಜಿಟಿಜಿಟಿ ಮಳೆ. ಪಕ್ಕದ ಕಂಬಾರನ ಕುಲುಮೆಯಲ್ಲಿ ಒಂದೊಂದೇ ಪಾಟಾ ಕೆಂಪಗೆ ಕಾಯಿಸಿ, ಬಡಿದು, ಬಾಗಿಸಿ, ಎಣ್ಣೆಯ ಡಬ್ಬಿಗೆ ಬಿಡುತ್ತಿದ್ದೆವು. ಹೊಗೆ ಏಳುತ್ತಿತ್ತು, ಭೀಮಶಿ ಕೆಮ್ಮುತ್ತ ನಗುತ್ತಿದ್ದ. ನೀರಿಗೆ ಬಿಟ್ಟರೆ ಉಕ್ಕು ಗಾಜಿನಂತಾಗುತ್ತದೆ, ಎಣ್ಣೆಗೇ ಬಿಡಬೇಕು, ಅದೂ ಬಣ್ಣ ನೋಡಿ ಬಿಡಬೇಕು. ಆ ಬಣ್ಣ ಯಾವುದೆಂದು ನನ್ನ ಪುಸ್ತಕದಲ್ಲಿ ಬರೆದಿರಲಿಲ್ಲ. ಭೀಮಶಿ "ಈಗ" ಎನ್ನುತ್ತಿದ್ದ, ನಾನು ಬಿಡುತ್ತಿದ್ದೆ.

ಉಳಿದದ್ದು ಒಂದೇ ಕೆಲಸ: ಆ ಕೆಳಗಿನ ದಪ್ಪ ಪಾಟಾಕ್ಕೂ ಮೇಲಿನವಕ್ಕೂ ನಡುವೆ ಎಷ್ಟು ಸಂದಿ ಬಿಡಬೇಕು ಎಂದು ನೋಡುವುದು. ಇಡೀ ಜೀಪಿನ ಗುಟ್ಟು ಆ ಸಂದಿಯಲ್ಲಿತ್ತು. ಭೀಮಶಿಯ ವಿಧಾನ ಮಿಲಿಟರಿಯದು. ಗಾಡಿಯಲ್ಲಿ ಎಷ್ಟು ಮಂದಿ ಕೂಡುವವರೋ ಅಷ್ಟು ಮಂದಿಯನ್ನು ಖರೆಖರೆ ಕೂಡಿಸಬೇಕು. ಆಗ ಎಕ್ಸಲ್ಲಿಗೂ ಮೇಲಿನ ರಬ್ಬರಿಗೂ ನಡುವೆ ನಾಲ್ಕು ಬೆರಳು ಹೋಗಬೇಕು.

"ಮೂರಿದ್ರ ಬಡೀತೈತಿ, ಐದಿದ್ರ ಕುಣೀತೈತಿ. ನಾಕು ಬಟ್ಟು," ಎಂದು ಅವನು ಕೈ ತೋರಿಸಿದ. "ನಾಳೆ ಮುಂಜಾನೆ ನಮ್ಮ ಓಣಿ ಮಂದಿನ್ನ ಎಂಟು ಜನಾನ್ನ ಕರಕೊಂಡ ಬರ್ತೇನ್ರಿ."

"ಕರಕೊಂಡ ಬಾ," ಎಂದೆ ನಾನು. ಎರಡನೆಯ ಯೋಚನೆಯನ್ನೇ ಮಾಡಲಿಲ್ಲ. ಅಷ್ಟು ಸಲೀಸಾಗಿ ಹೇಳಿದೆ.

ಮರುದಿನ ಮುಂಜಾನೆ ಮಳೆ ಹೊಳವಾಗಿತ್ತು. ಎಂ.ಕೆ. ಹುಬ್ಬಳ್ಳಿ ಕಡೆಯ ತಮ್ಮನಗೌಡರು ಬಂದು ಗ್ಯಾರೇಜಿನ ಬಾಕಿನ ಮೇಲೆ ಕುಳಿತಿದ್ದರು. ದೊಡ್ಡ ಕಬ್ಬಿನ ಹೊಲದವರು, ಅವರ ಮನೆಯಲ್ಲಿ ಜೀಪು, ಟ್ರ್ಯಾಕ್ಟರು ಎಲ್ಲ ಇದ್ದವು. ಡಾಕ್ಟರಬಾಯಿಯ ಜೀಪಿನ ಸುದ್ದಿ ಕೇಳಿ, ತಮ್ಮದಕ್ಕೂ ಹಾಗೇ ಮಾಡಿಸಬಹುದೇ ಎಂದು ನೋಡಲು ಬಂದಿದ್ದರು. ಗೌಡರ ಗಾಡಿಗಳು ನನ್ನ ಗ್ಯಾರೇಜಿಗೆ ಬಂದವೆಂದರೆ ಕಿತ್ತೂರಿನವರೆಗಿನ ಗೌಡರ ಗಾಡಿಗಳೆಲ್ಲ ಹಿಂದೆಯೇ ಬರುತ್ತವೆ ಎಂದು ನಾನು ಒಳಗೊಳಗೆ ಉಬ್ಬಿದ್ದೆ.

ಆಗ ಗೇಟಿನಲ್ಲಿ ಭೀಮಶಿಯ ಮಂದಿ ಬಂದರು. ನಾಲ್ವರು ಗಂಡಸರು, ನಾಲ್ವರು ಹೆಂಗಸರು. ಭಾರಕ್ಕೆಂದು ಕೂಡಲು ಬಂದವರು ಅವರು, ಆದರೆ ಎಲ್ಲರೂ ಒಗೆದ ಬಟ್ಟೆ ಉಟ್ಟಿದ್ದರು. ಎಲ್ಲರ ಮುಂದೆ ಚಂದ್ರವ್ವ, ಟ್ರಂಕಿನಿಂದ ತೆಗೆದ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಕೆಸರಾಗಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಅವರಲ್ಲಿ ಯಾರೂ ಅಲ್ಲಿಯವರೆಗೆ ಜೀಪು ಹತ್ತಿದವರಲ್ಲ. ರೋಗಿ ಮಲಗಲೆಂದು ನಾವು ಹಿಂದೆ ಉದ್ದಕ್ಕೆ ಹಾಕಿದ್ದ ಹಲಗೆಯನ್ನು ಚಂದ್ರವ್ವ ನೋಡಿದಳು.

"ಇದರ ಮ್ಯಾಲ ಯಾರ ಮಲಗಾವ್ರು? ನಾನ ಮಲಗ್ತೇನಿ ಬಿಡ. ಹಡಿಯಾಕ ಬಂದಾಕಿ ಆಗಿ ನರಳ್ತೇನಿ," ಎಂದಳು. ಅರವತ್ತರ ಮುದುಕಿಯ ಮಾತಿಗೆ ಉಳಿದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ನಾನು ಗೌಡರ ಕಡೆ ನೋಡಿದೆ. ಇದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ಎಷ್ಟೋ ವರ್ಷ ನಾನು ಇದನ್ನು ನನಗೆ ಬೇಕಾದ ಹಾಗೆ ತಿರುಚಿಕೊಂಡು ನೆನೆದಿದ್ದೇನೆ. ಗೌಡರು ಏನೂ ಅನ್ನಲಿಲ್ಲ. ಅವರ ಮುಖ ಸಹ ಬದಲಾಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ಅವರು ಏನಾದರೂ ಅಂದಾರು, ಈ ಮಂದಿಯನ್ನು ಗಾಡಿಗೆ ಹತ್ತಿಸುವ ಗ್ಯಾರೇಜಿಗೆ ನನ್ನ ಗಾಡಿ ತರುವುದಿಲ್ಲ ಎಂದುಬಿಟ್ಟಾರು ಎಂದು ನಾನೇ ಊಹಿಸಿಕೊಂಡೆ. ಯಾರೂ ಕೇಳದೆ, ಯಾರೂ ಒತ್ತಾಯಿಸದೆ, ನನ್ನ ಬಾಯಿ ತಾನಾಗಿ ತೆರೆಯಿತು.

"ಭೀಮಶಿ, ಇವತ್ತ ಬ್ಯಾಡೋ."

"ಯಾಕ್ರಿ?"

"ನಾಳೆ ಜೀಪಿನ ಪೂಜಾ ಅದ. ನಮ್ಮಪ್ಪ ಬರವರಿದ್ದಾರ. ಪೂಜಾ ಆಗೂತನಾ ಯಾರೂ ಹತ್ತೂದು ಬ್ಯಾಡ. ಬಾಜೂ ಅಂಗಡ್ಯಾಗ ಜೋಳದ ಚೀಲ ಅವ, ಅವನ್ನ ಹೇರೂಣು. ಭಾರಕ್ಕ ಭಾರ ಆತು."

ಪೂಜೆಗೆ ಮೊದಲು ಯಾರೂ ಹತ್ತಬಾರದೆಂಬ ಮಾತನ್ನು ಅಪ್ಪ ಎಂದೂ ಆಡಿರಲಿಲ್ಲ. ಅವರ ಹೆಸರನ್ನು ನಾನು ಸುಮ್ಮನೆ ಎಳೆದು ತಂದಿದ್ದೆ.

ಭೀಮಶಿಗೆ ಮೊದಲು ಅರ್ಥವಾಗಲಿಲ್ಲ. "ಚೀಲ ಕುಂಡ್ರೂದಿಲ್ರಿ ಮಾಲಕರ, ಬಿದ್ದಿರತಾವ. ಮಂದಿ ಹಂಗಲ್ಲ. ಹಿಂದ ಸರೀತಾರ, ಬಾಗಲದಾಗ ಜೋತ ಬೀಳತಾರ, ಒಬ್ಬರ ಮ್ಯಾಲ ಒಬ್ಬರು ಒರಗತಾರ. ಅಳತಿ ಬ್ಯಾರೇನ ಬರತೈತಿ," ಎಂದ. ಹೇಳುತ್ತ ಹೇಳುತ್ತ ಅವನು ನನ್ನ ಮುಖ ನೋಡಿದ, ಬಾಕಿನ ಕಡೆ ನೋಡಿದ, ತಾಯಿಯ ಸೀರೆ ನೋಡಿದ. ಗೇಟಿನ ಹತ್ತಿರ ಹೋಗಿ ತಾಯಿಗೆ ಮೆಲ್ಲಗೆ ಏನೋ ಹೇಳಿದ.

"ಆತ ಬಿಡಪಾ, ಪೂಜಿ ಆಗಲಿ," ಎಂದಳು ಚಂದ್ರವ್ವ, ಎಲ್ಲರಿಗೂ ಕೇಳುವ ಹಾಗೆ. "ಜೀಪ ಎಲ್ಲಿ ಓಡಿ ಹೋಗ್ತೈತಿ?"

ಅವರು ತಿರುಗಿದರು. ಹಮಾಲರು ಐದು ಜೋಳದ ಚೀಲ ತಂದು ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಪೇರಿಸಿದರು. ಅಷ್ಟರಲ್ಲಿ ಗೌಡರು ಎಲೆ ಬಾಯಿಗೆ ಹಾಕಿಕೊಂಡು ಎದ್ದು, "ನಾನೂ ಒಂದ ಚೀಲದಷ್ಟ ಅದೇನಲ್ಲೋ," ಎಂದು ನಗುತ್ತ ಜೀಪಿನ ಹತ್ತಿರ ಬಂದರು. ನಾನು ಓಡಿ ಹೋಗಿ ಕೈ ಹಿಡಿದು ಅವರನ್ನು ಮುಂದಿನ ಸೀಟಿಗೆ ಹತ್ತಿಸಿದೆ. ಪೂಜೆ ಆಗುವತನಕ ಯಾರೂ ಹತ್ತಬಾರದು ಎಂದು ಹೇಳಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ತಲೆ ಎತ್ತಿದರೆ ಚಂದ್ರವ್ವ ಗೇಟಿನಾಚೆ ಚಪ್ಪಲಿ ಮೆಟ್ಟಲು ನಿಂತವಳು ನಮ್ಮ ಕಡೆಯೇ ನೋಡುತ್ತಿದ್ದಳು. ಕಣ್ಣು ಕೂಡಿದ ತಕ್ಷಣ ನಾನು ಕೆಳಗೆ ನೋಡಿದೆ.

ಭೀಮಶಿ ಮಲಗಿ ಬೆರಳು ತೂರಿಸಿದ. "ನಾಕು ಬಟ್ಟು," ಎಂದ.

"ನೋಡು, ನಾ ಹೇಳಿದ್ದಿಲ್ಲೇನು? ಭಾರಕ್ಕ ಭಾರ," ಎಂದೆ ನಾನು ದೊಡ್ಡ ದನಿಯಲ್ಲಿ. ಅವನು ಪಾನಾ ತೆಗೆದುಕೊಂಡು ಬೋಲ್ಟು ಬಿಗಿದ. ಆ ದಿನ ಅವನು ಚಹಾ ಬೇಡವೆಂದ.

ಪೂಜೆಯಾಯಿತು, ಕಾಯಿ ಒಡೆಯಿತು, ಡಾಕ್ಟರಬಾಯಿ ಜೀಪು ಒಯ್ದರು. ಮೊದಲ ಎರಡು ವಾರ ಹೊಗಳಿಕೆಯೋ ಹೊಗಳಿಕೆ. ಬೇರೆ ಯಾವ ಗಾಡಿಯೂ ಇಳಿಯದ ಹಾದಿಗೆ ಇಳಿದು ಬರುತ್ತದೆ, ಒಳಗೆ ತೊಟ್ಟಿಲಲ್ಲಿ ಕೂತ ಹಾಗಿರುತ್ತದೆ ಎಂದರು. ಆಗ ಜೀಪಿನಲ್ಲಿ ಇರುತ್ತಿದ್ದವರು ಅವರು, ಅವರ ಡ್ರೈವರ್, ಹೆಚ್ಚೆಂದರೆ ಒಬ್ಬ ರೋಗಿ. ನಾನು ಬೀಗಿದೆ. ಜೋಳದ ಚೀಲದ ಅಳತೆ ಸರಿಯಾಗಿಯೇ ಬಂತಲ್ಲ ಎಂದುಕೊಂಡೆ.

ಆರಿದ್ರಾ ಮಳೆ ಜೋರಾಗಿ ಹಿಡಿದ ಒಂದು ಮಧ್ಯಾಹ್ನ ದೇಗಾಂವದ ಆಚೆಯ ಹಳ್ಳಿಯೊಂದರಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಕೂಸು ಅಡ್ಡ ಬಂದಿತ್ತು. ಡಾಕ್ಟರಬಾಯಿ ಹೋದರು, ಬೈಲಹೊಂಗಲದ ದವಾಖಾನೆಗೇ ತರಬೇಕೆಂದು ಹುಡುಗಿಯನ್ನು ಹಲಗೆಯ ಮೇಲೆ ಮಲಗಿಸಿದರು. ಮನೆಯವರು ಹತ್ತಿದರು. ಮುಂದೆ ಜಾಗವಿದ್ದರೂ ಎಲ್ಲರಿಗೂ ಮಗಳ ಹತ್ತಿರವೇ ಕೂಡಬೇಕು. ಭೀಮಶಿ ಹೇಳಿದ ಹಾಗೇ ಹಿಂದೆ ಸರಿದರು, ಬಾಗಿಲಿಗೆ ಜೋತುಬಿದ್ದರು, ಒಬ್ಬರ ಮೇಲೊಬ್ಬರು ಒರಗಿದರು; ಚೀಲದ ಅಳತೆಯಲ್ಲಿ ಮುಂದಿದ್ದ ಭಾರವೆಲ್ಲ ಈಗ ಹಿಂದಿನ ಪಾಟಾಗಳ ಮೇಲೆ ಬಿತ್ತು. ಹಳ್ಳದ ದಂಡೆಯಲ್ಲಿ ಜೀಪು ಒಂದು ಸಲ ಕುಕ್ಕಿತು, ಎರಡನೆಯ ಸಲ ಕುಕ್ಕಿದಾಗ ಎಡಗಡೆಯ ಪಾಟಾ ನಡುವೆ ತುಂಡಾಯಿತು. ಹುಡುಗಿಯನ್ನು ಹೊರಸಿನ ಮಂಚದ ಮೇಲೆ ಹಾಕಿಕೊಂಡು ಮಳೆಯಲ್ಲಿ ಹತ್ತಿರದ ಕಿತ್ತೂರಿನತ್ತ ನಡೆದರು. ಹಾದಿಯಲ್ಲೇ ಹೆರಿಗೆಯಾಯಿತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಮರುದಿನ ಟ್ರ್ಯಾಕ್ಟರೊಂದು ಜೀಪನ್ನು ಎಳೆದು ತಂದು ನನ್ನ ಶೆಡ್ಡಿನ ಮುಂದೆ ಬಿಟ್ಟಿತು. ಹಿಂದೆಯೇ ಡಾಕ್ಟರಬಾಯಿ ಬಂದರು. ಬಸ್ ಸ್ಟ್ಯಾಂಡಿನ ಮಂದಿ ಕೂಡಿತು. ಭೀಮಶಿ ಮಂಡಿಯೂರಿ ಕುಳಿತು ಮುರಿದ ಪಾಟಾದ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ. ಡಾಕ್ಟರಬಾಯಿ ಚೀರಾಡುವವರಲ್ಲ. ಮೆಲ್ಲಗೇ ಕೇಳಿದರು.

"ಇಷ್ಟು ಮಂದಿ ತಡೀತದ ಅಂತ ನೀವು ಹೇಳಿದ್ರಿ. ಯಾರು 'ಸರಿ ಅದ' ಅಂದವರು?"

ನಾನು ಹೇಳಿದೆ: "ನಾಕು ಬಟ್ಟು ಅಂತ ಅಳದು ಹೇಳಿದಾಂವ ಭೀಮಶಿ ರೀ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇಷ್ಟು ಹೊಲಸಾದ ಮಾತನ್ನು ನಾನು ಬದುಕಿನಲ್ಲಿ ಇನ್ನೊಂದು ಆಡಿಲ್ಲ.

ಭೀಮಶಿ ತಲೆ ಎತ್ತಿ ನನ್ನನ್ನು ನೋಡಿದ. ಅವನು ಹೇಳಬಹುದಿತ್ತು. ಎಂಟು ಮಂದಿಯನ್ನು ಕರೆತಂದಿದ್ದೆ, ಇವರು ಹೊಳ್ಳಿ ಕಳಿಸಿದರು ಎಂದು ಒಂದೇ ಮಾತು ಸಾಕಿತ್ತು. ಆದರೆ ಹಾಗೆ ಹೇಳಿದರೆ ಯಾಕೆ ಕಳಿಸಿದರು ಎಂಬುದನ್ನೂ ಹೇಳಬೇಕು, ಅಷ್ಟು ಮಂದಿಯ ಮುಂದೆ, ತನ್ನ ತಾಯಿಯ ಹೆಸರು ತೆಗೆದು. ಅವನು ಪಾಟಾದ ತುಂಡನ್ನು ನೆಲದ ಮೇಲಿಟ್ಟ.

"ಹೌದ್ರಿ ಬಾಯಾರ, ನಾನ ಅಂದೇನಿ," ಎಂದ.

ಮಂದಿ ಗುಜುಗುಜು ಎಂದಿತು. ಡಾಕ್ಟರಬಾಯಿ, "ಜೀಪು ಸರಿಯಾಗಿದ್ದರೂ ಕೂಸು ಉಳೀತಿತ್ತೋ ಇಲ್ಲೋ, ನಾ ಹೇಳಲಾರೆ," ಎಂದು ಹೋದರು. ಆ ಮಾತನ್ನು ನಾನು ಎಷ್ಟು ವರ್ಷ ಔಷಧದ ಹಾಗೆ ನುಂಗಿದೆನೋ ಲೆಕ್ಕವಿಲ್ಲ. ಯಾವ ದಿನವೂ ಗುಣ ಕೊಡಲಿಲ್ಲ.

ಭೀಮಶಿ ಎರಡು ದಿನ ಕೂತು ಹೊಸ ಪಾಟಾ ಕಟ್ಟಿದ. ಕೆಳಗಿನ ದಪ್ಪ ಪಾಟಾದ ಸಂದಿ ಕಡಿಮೆ ಮಾಡಿದ. ಈ ಸಲ ಅಳೆಯಲು ಟ್ರ್ಯಾಕ್ಟರಿನವನನ್ನೂ ಬಸ್ ಸ್ಟ್ಯಾಂಡಿನ ಹಮಾಲರನ್ನೂ ಕೂಡಿಸಿದ. ನಾನು ಬೇಡವೆನ್ನಲಿಲ್ಲ. ಮುಗಿದ ಮೇಲೆ ಹತ್ಯಾರದ ಪೆಟ್ಟಿಗೆ ಮುಚ್ಚಿ ಹೆಗಲಿಗೇರಿಸಿ, "ಬರ್ತೇನ್ರಿ ಮಾಲಕರ," ಎಂದ. ನಾನು ಇರು ಎನ್ನಲಿಲ್ಲ. ಅವನ ಬೆನ್ನು ಗೇಟು ದಾಟಿದಾಗ ನನಗಾದದ್ದು ದುಃಖವಲ್ಲ, ಹಗುರ. ಇನ್ನು ದಿನಾ ಆ ಮುಖ ನೋಡಬೇಕಾಗಿಲ್ಲ ಎಂಬ ಹಗುರ. ಮಾಡಿದ್ದಕ್ಕಿಂತ ಆ ಹಗುರವನ್ನು ನೆನೆದಾಗಲೇ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಭೀಮಶಿ ಕಟ್ಟಿದ ಪಾಟಾ ಮುರಿದು ಕೂಸು ಹೋಯಿತಂತೆ ಎಂದು ಊರು ಆಡಿಕೊಂಡಿತು. ಬೈಲಹೊಂಗಲದಲ್ಲಿ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ದಸರೆಯ ಹೊತ್ತಿಗೆ ತಾಯಿಯನ್ನೂ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಎತ್ತಲೋ ಹೊರಟುಹೋದ.

ಅದಾದ ಮೇಲೆ ಒಂದು ದಿನ ತಮ್ಮನಗೌಡರು ತಮ್ಮ ಜೀಪು ತಂದರು. ಇಳಿದವರೇ ಆ ಕಡೆ ಈ ಕಡೆ ನೋಡಿ, "ಆ ಮಿಲಿಟರಿ ಮನಷ್ಯಾ ಎಲ್ಲಿ?" ಎಂದರು.

"ಬಿಟ್ಟು ಹೋದಾ ರೀ."

"ಅಂವ ಅವತ್ತ ಮಂದಿ ಕರಕೊಂಡ ಬಂದಿದ್ದನಲ್ಲೋ. ಅವರನ್ಯಾಕ ಹೊಳ್ಳಿ ಕಳಿಸಿದಿ?"

"ಪೂಜಾ ಆಗಿರಲಿಲ್ಲರಿ."

"ಮತ್ತ ನಾ ಹತ್ತಿದ್ನಲ್ಲ?" ಗೌಡರು ಎಲೆ ಉಗುಳಿ ಬಂದು ಹೇಳಿದರು. "ನಮ್ಮ ಪಡಸಾಲಿ ಹತ್ತಾಕ ಬಿಡೂದಿಲ್ಲ ನಾನು, ಸುಳ್ಳ ಯಾಕ ಹೇಳ್ಲಿ. ಆದ್ರ ಕಬ್ಬಿನ ಟ್ರಕ್ಕಿನ್ಯಾಗ ಅವರ ಜೋಡಿನ ಕುಂಡರ್ತೇನಿ. ಗಾಡಿಗೆ ಏನಾಗೂದಿತ್ತೋ ಹುಚ್ಚಾ?" ಆ ಭೀಮಶಿಯೇ ಇಲ್ಲದ ಮೇಲೆ ಇಲ್ಲೇನು ಕೆಲಸ ಎಂದು ಅವರು ಜೀಪು ತಿರುಗಿಸಿಕೊಂಡು ಹೋದರು. ಯಾರ ಸಲುವಾಗಿ ಅಷ್ಟೆಲ್ಲ ಮಾಡಿದ್ದೆನೋ ಅವರಿಗೆ ಅದು ಬೇಕಾಗಿಯೇ ಇರಲಿಲ್ಲ.

"ಅಜ್ಜಾರ! ಏ ಅಜ್ಜಾರ!"

ಉಗರಗೋಳದ ಆ ಅಂಗಳದಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಜೀಪಿನ ಕೆಳಗಿದ್ದ ಮನುಷ್ಯ ಎದ್ದು ಕೂತು ನನ್ನನ್ನೇ ಕರೆಯುತ್ತಿದ್ದ. "ನಿಮ್ಮ ಬಸ್ಸಿಗೆ ಇನ್ನೂ ತಡ ಐತ್ರಿ. ನನಗ ಒಂದ ಆಳ ಕಮ್ಮಿ ಬಿದ್ದೈತಿ. ಬಂದ ಒಂದೀಟ ಕುಂಡ್ರರಲಾ."

ನಾನು ಬೇಡವೆನ್ನುವ ಮೊದಲೇ ಜೀಪಿನಲ್ಲಿದ್ದ ಹೆಂಗಸೊಬ್ಬಳು ಸರಿದು ಜಾಗ ಮಾಡಿದಳು. "ಬರ್ರಿ ಯಪ್ಪಾ, ಕೈ ಕೊಡ್ರಿ," ಎಂದು ಎಳೆದುಕೊಂಡಳು. ಕುಳಿತ ಮೇಲೆ ಅಂಗಡಿಯ ಒಳಗೋಡೆ ಕಾಣಿಸಿತು. ಅಲ್ಲಿ ಬುದ್ಧನ ಚಿತ್ರ, ಅದರ ಕೆಳಗೆ ಮಾಲೆ ಹಾಕಿದ ಒಂದು ಫೋಟೋ. ಕೂದಲು ನರೆತಿತ್ತು. ಉಳಿದಂತೆ ಭೀಮಶಿ ಹಾಗೇ ಇದ್ದ.

"ಯಾವೂರ್ರಿ ಅಜ್ಜಾರ?" ಎಂದು ಆ ಮನುಷ್ಯ ಮತ್ತೆ ಮಲಗುತ್ತ ಕೇಳಿದ.

"ಬೈಲಹೊಂಗಲ."

"ಹೌದಾ? ನಮ್ಮಪ್ಪ ಮೊದಲ ಅಲ್ಲೇ ಇದ್ದಾ ರೀ. ಗ್ಯಾರೇಜಿನ್ಯಾಗ." ಅವನ ದನಿ ಈಗ ಗಾಡಿಯ ಕೆಳಗಿನಿಂದ ಬರುತ್ತಿತ್ತು. "ಹಿಂಗ ಮಂದಿ ಕುಂಡ್ರಿಸಿ ಅಳಿಯೂದು ಅಂವಂದ ಕಾಯಿದೆ. ಎಲ್ಲಾರೂ ಕಲ್ಲು, ಚೀಲಾ ಹೇರತಾರ, ನಾವ ಹೇರೂದಿಲ್ಲ. ಅಲ್ಲಿ ಇದ್ದಾಗ ಒಮ್ಮಿ ಚೀಲಾ ಹೇರಿ ಅಳದಿದ್ನಂತ, ಪಾಟಾ ಮುರದು ಒಂದ ಕೂಸು ಹೋತಂತ. 'ತಪ್ಪ ನಂದು. ನಾಕು ಬಟ್ಟು ಅಂತ ನನ್ನ ಬಾಯಿಂದ ಬರಬಾರದಿತ್ತು' ಅಂತಿದ್ದ. ಸಾಯೂ ಹೊತ್ತಿನ್ಯಾಗೂ ಅದನ್ನ ಅಂದಾ ರೀ."

ನಾನು ಕೇಳಬಾರದಿತ್ತು. ಆದರೂ ಕೇಳಿದೆ. "ಗ್ಯಾರೇಜಿನ ಮಾಲಕರ ಬಗ್ಗೆ ಏನಂತಿದ್ದ?"

"ಏನೂ ಇಲ್ರಿ. ಒಂದ ಕಿಟ್ಲಿ ಚಹಾ ಕುಡೀತಿದ್ವಿ ಅಂತಿದ್ದಾ, ಅಷ್ಟ."

ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಾರಿಗೂ ಹೇಳದೆ ಇಟ್ಟುಕೊಂಡದ್ದು, ಏಳು ಮಂದಿಯ ನಡುವೆ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತಾಗ ಹೊರಗೆ ಬಂತು. "ಚೀಲಾ ಹೇರಿಸಿದಾಂವ ನಾನು," ಎಂದೆ. "ನಿಮ್ಮಪ್ಪ ಮಂದಿನ್ನ ಕರಕೊಂಡ ಬಂದಿದ್ರು. ನಿಮ್ಮ ಓಣಿಯವರನ್ನ. ಪೂಜಾ ಆಗಿಲ್ಲ ಅಂತ ನೆವಾ ಹೇಳಿ ನಾನ ಹೊಳ್ಳಿ ಕಳಿಸಿದೆ. ಮ್ಯಾಲ ತಪ್ಪು ಅವರದ ಅಂದೆ."

ಅವನು ಗಾಡಿಯ ಕೆಳಗಿನಿಂದ ನಿಧಾನವಾಗಿ ಹೊರಗೆ ಬಂದ. ಎದ್ದು, ಕೈ ಒರೆಸಿಕೊಂಡ.

"ನಮ್ಮ ಆಯಿ, ಅಂದ್ರ ಅಪ್ಪನ ತಾಯಿ," ಎಂದ. "ಸಾಯೂತನಾ ಜೀಪ ಹತ್ತಲಿಲ್ರಿ. ಮನಿ ಮುಂದ ಸಾಲು ಜೀಪು ನಿಂತಿರತಿದ್ವು. ಸವದತ್ತಿ ಸಂತಿಗೆ ನಡಕೊಂಡನ ಹೋಗ್ತಿದ್ಳು. ಯಾಕಬೇ, ಹತ್ತಬಾರದಾ ಅಂದ್ರ, 'ಇನ್ನೂ ಪೂಜಿ ಆಗಿಲ್ಲೋ' ಅಂತ ನಗತಿದ್ಳು. ಮುದುಕಿ ಚ್ಯಾಷ್ಟಿ ಮಾಡ್ತಾಳಂತ ನಾವೂ ನಗತಿದ್ವಿ."

ನನಗೆ ಅಲ್ಲಿ ಕೂಡಲಾಗಲಿಲ್ಲ. ಇಳಿಯಲು ಕಂಬಿಗೆ ಕೈ ಹಾಕಿದೆ.

"ಇಳೀಬ್ಯಾಡ್ರಿ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ಆ ಕಡೇದು ಇನ್ನೂ ಅಳೀಬೇಕು."

ಅವನು ಜೀಪನ್ನು ಸುತ್ತಿ ಇನ್ನೊಂದು ಗಾಲಿಯ ಪಕ್ಕ ಹೋಗಿ ಮಲಗಿದ. ರಸ್ತೆಯಾಚೆ ಬಸ್ಸಿನ ಹಾರ್ನು ಒಮ್ಮೆ ಆಯಿತು, ಮತ್ತೊಮ್ಮೆ ಆಯಿತು. ಕಂಡಕ್ಟರ್ ಕೂಗುತ್ತಿದ್ದ. ನಾನು ಅಲುಗಾಡದೆ ಕುಳಿತಿದ್ದೆ.